ಮಡಚಿದ ಮೇಲೂ ಮೊನೆ ಹೊರಗುಳಿಯುವ ಕಸಿ ಚಾಕಿನ ಬಗ್ಗೆ ದೂರು

ದಿನಾಂಕ: 3 ನವೆಂಬರ್ 2025

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಸಾಣೆ ಹಿಡಿದು ಸವೆದ ಅಲಗು ಹಿಡಿಯೊಳಗೆ ಪೂರ್ತಿ ಕೂರದೆ ಆದ ಗಾಯ ಮತ್ತು ನಿಮ್ಮ ಸೇವಾ ಕೇಂದ್ರದಲ್ಲಿ ಆದ ಅವಮಾನ.

ಮಾನ್ಯರೇ,

ನಿಮ್ಮ ಸಂಸ್ಥೆಯ ಮಡಚುವ ಕಸಿ ಚಾಕನ್ನು 2022ರ ಡಿಸೆಂಬರಿನಲ್ಲಿ 1,450 ರೂಪಾಯಿ ಕೊಟ್ಟು ಕೊಂಡವಳು ನಾನು. ಶಿರಸಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಪ್ಪೆಮಿಡಿ, ಹಲಸು, ಜಾಯಿಕಾಯಿಗಳ ಕಸಿ ಗಿಡ ಮಾಡಿ ಮಾರುವುದು ನಮ್ಮ ಜೀವನೋಪಾಯ. ಈ ವಿಷಯವಾಗಿ ನಿಮ್ಮ ಸಹಾಯವಾಣಿಗೆ ಆರು ಸಲ ಫೋನ್ ಮಾಡಿದ್ದೇನೆ, ಎರಡು ಸಲ ಚಿತ್ರಗಳೊಂದಿಗೆ ಇಮೇಲ್ ಕಳಿಸಿದ್ದೇನೆ. ಪ್ರತಿ ಸಲವೂ ದೂರಿನ ಸಂಖ್ಯೆಯೊಂದು ಬಂತೇ ಹೊರತು ಉತ್ತರ ಬರಲಿಲ್ಲ.

ಕಸಿಯ ಕೆಲಸದಲ್ಲಿ ಹರಿತಕ್ಕಿಂತ ದೊಡ್ಡದು ಬೇರೆ ಇಲ್ಲವೆಂದು ಕಸಿ ಚಾಕು ತಯಾರಿಸುವ ನಿಮಗೆ ನಾನು ಹೇಳಬೇಕಾಗಿಲ್ಲ. ಕಸಿಕಡ್ಡಿಯ ಬುಡವನ್ನು ಬೆಣೆಯಂತೆ ಎರಡೂ ಕಡೆ ಒಂದೇ ಎಳೆತದಲ್ಲಿ ಕೊಯ್ಯಬೇಕು. ಚಾಕಿನ ಬಾಯಿ, ಅಂದರೆ ಕೊಯ್ಯುವ ಅಂಚು, ಮೊಂಡಾದರೆ ಕಡ್ಡಿ ಜಜ್ಜಿಹೋಗಿ, ತೊಗಟೆಯ ಕೆಳಗಿನ ಬೆಳೆಯುವ ಪದರ, ಕಡ್ಡಿಯನ್ನು ಕೂರಿಸುವ ಬೇರುಸಸಿಯ ಪದರದೊಂದಿಗೆ ಕೂಡುವುದಿಲ್ಲ, ಗಿಡ ಒಣಗುತ್ತದೆ. ಆದ್ದರಿಂದ ಮಳೆಗಾಲದ ಕಸಿಯ ದಿನಗಳಲ್ಲಿ ನಾನು ಪ್ರತಿದಿನ ಎರಡು ಸಲ ಚಾಕನ್ನು ಸಾಣೆಕಲ್ಲಿಗೆ ಹಿಡಿಯುತ್ತೇನೆ. ನಿಮ್ಮ ಪೆಟ್ಟಿಗೆಯೊಳಗಿನ ಚೀಟಿಯೂ ಹಾಗೆಯೇ ಮಾಡಲು ಹೇಳುತ್ತದೆ: 'ಬಳಕೆಗೆ ಮುನ್ನ ನಿಯಮಿತವಾಗಿ ಹರಿತಗೊಳಿಸಿ.' ಮೂರು ಮಳೆಗಾಲಗಳಲ್ಲಿ ಅಲಗಿನ ಅಗಲ 18 ಮಿಲಿಮೀಟರಿನಿಂದ 14ಕ್ಕೆ ಇಳಿದಿದೆ. ಅದರ ಬಗ್ಗೆ ನನಗೆ ದೂರಿಲ್ಲ. ಉಕ್ಕು ಸವೆಯುವುದೇ ಚಾಕಿನ ಬಾಳು.

ದೂರು ಇರುವುದು ಸವೆದ ಅಲಗು ಎಲ್ಲಿ ಕೂರುತ್ತದೆ ಎಂಬುದರಲ್ಲಿ. ನಿಮ್ಮ ಚಾಕಿನ ಬಾಯಿ ನೇರ, ಬೆನ್ನು ಮಾತ್ರ ತುದಿಯ ಹತ್ತಿರ ಬಾಗಿ ಬಾಯಿಯನ್ನು ಸೇರುತ್ತದೆ. ಬಾಯಿ ಸವೆದಂತೆಲ್ಲ ಮೊನೆಯು ಆ ಬಾಗಿನ ಗುಂಟ ಬೆನ್ನಿನ ಕಡೆಗೆ ಏರುತ್ತಾ ಹೋಗುತ್ತದೆ. ಹೊಸದರಲ್ಲಿ ಹಿಡಿಯ ಸೀಳಿನ ಆಳದಲ್ಲಿ ಅಡಗಿದ್ದ ಮೊನೆ ಈಗ ಚಾಕು ಮಡಚಿದಾಗ ಹಿಡಿಯ ಅಂಚಿಗಿಂತ 2 ಮಿಲಿಮೀಟರ್ ಮೇಲೆ ನಿಂತಿದೆ. ಅದೇ ಹೊತ್ತಿಗೆ ಬಾಯಿಗೂ ಹಿಡಿಯ ಒಳಗಿನ ಸ್ಪ್ರಿಂಗಿಗೂ ನಡುವೆ ಬೆಳಕು ಹಾಯುವಷ್ಟು ಖಾಲಿ ಜಾಗವಿದೆ. ಅಂದರೆ ಅಲಗು ಇನ್ನೂ ಕೆಳಗಿಳಿಯಬಹುದು. ಇಳಿಯದಂತೆ ತಡೆಯುತ್ತಿರುವುದು ಅಲಗಿನ ಬುಡದಲ್ಲಿ, ಸ್ಪ್ರಿಂಗಿಗೆ ತಾಗಿ ನಿಲ್ಲುವ ಸಣ್ಣ ಉಬ್ಬು. ಸಾಣೆ ಆ ಉಬ್ಬನ್ನು ಮುಟ್ಟುವುದಿಲ್ಲವಾದ್ದರಿಂದ ಅದು ಮೊದಲಿನಷ್ಟೇ ಎತ್ತರ ಉಳಿದಿದೆ. ಆ ಉಬ್ಬು ಅಲಗು ಮಡಚಿಕೊಳ್ಳುವ ಕೀಲಿನಿಂದ 10 ಮಿಲಿಮೀಟರ್ ದೂರದಲ್ಲಿದೆ, ಮೊನೆ 70 ಮಿಲಿಮೀಟರ್ ದೂರದಲ್ಲಿದೆ. ಉಬ್ಬಿಗೆ ಅರ್ಧ ಮಿಲಿಮೀಟರ್ ಅರ ಹಾಕಿದರೆ ಮೊನೆ ಸುಮಾರು ಮೂರೂವರೆ ಮಿಲಿಮೀಟರ್ ಒಳಗಿಳಿಯುತ್ತದೆ. ಹೆಚ್ಚು ಅರ ಹಾಕಿದರೆ ಮಡಚಿದಾಗಲೆಲ್ಲ ಬಾಯಿ ಸ್ಪ್ರಿಂಗಿಗೆ ಬಡಿದು ಮೊಂಡಾಗುತ್ತದೆ, ಆದ್ದರಿಂದ ಇದು ತಿಳಿದವರು ನೋಡಿ ನೋಡಿ ಮಾಡಬೇಕಾದ ಹತ್ತು ನಿಮಿಷದ ಕೆಲಸ. ನಮ್ಮೂರಿನ ಆಚಾರಿಯವರು ಮಾಡಿಕೊಡಲು ಸಿದ್ಧರಿದ್ದರು. ನಾನೇ ಬೇಡವೆಂದೆ, ಏಕೆಂದರೆ ನಿಮ್ಮ ಅದೇ ಚೀಟಿಯ ನಾಲ್ಕನೆಯ ಸಾಲು, ಅಧಿಕೃತ ಸೇವಾ ಕೇಂದ್ರದ ಹೊರಗೆ ಯಾರೇ ಅಲಗನ್ನಾಗಲಿ ಕೀಲನ್ನಾಗಲಿ ತಿದ್ದಿದರೆ ಐದು ವರ್ಷದ ಖಾತರಿ ರದ್ದಾಗುತ್ತದೆ ಎನ್ನುತ್ತದೆ. ನಿಮ್ಮ ನಿಯಮವನ್ನು ನಾನು ಪಾಲಿಸಿದೆ.

ಹಾಗೆ ಪಾಲಿಸಿದ್ದರ ಫಲ, ಆಗಸ್ಟ್ 14ರಂದು ಗಿಡಕ್ಕೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ತೆಗೆಯಲು ಮೇಲಂಗಿಯ ಜೇಬಿಗೆ ಕೈ ಹಾಕಿದಾಗ, ಮಡಚಿಟ್ಟಿದ್ದ ಚಾಕಿನ ಮೊನೆ ಉಂಗುರ ಬೆರಳನ್ನು ಸೀಳಿತು. ನಾಲ್ಕು ಹೊಲಿಗೆ ಬಿದ್ದವು. ಕಸಿಯ ಭರಾಟೆಯ ಹದಿನೆಂಟು ದಿನ ನಾನು ಚಾಕು ಹಿಡಿಯಲಿಲ್ಲ.

ಸೆಪ್ಟೆಂಬರ್ 22ರಂದು ಬೆಳಗಿನ ಬಸ್ಸು ಹಿಡಿದು ಹುಬ್ಬಳ್ಳಿಯ ನಿಮ್ಮ ಸೇವಾ ಕೇಂದ್ರಕ್ಕೆ ಹೋದೆ. ನಲವತ್ತು ನಿಮಿಷ ನಿಲ್ಲಿಸಿದ ಮೇಲೆ ಅಲ್ಲಿದ್ದವರೊಬ್ಬರು ಚಾಕನ್ನು ಕೈಗೆತ್ತಿಕೊಂಡು, ನನ್ನ ಮುಖ ನೋಡದೆ, "ಏನ್ರೀ ಅಮ್ಮಾ, ಕಲ್ಲಿಗೆ ತಿಕ್ಕಿ ತಿಕ್ಕಿ ಅರ್ಧ ಮಾಡೀರಲ್ರೀ" ಎಂದರು. ಕಸಿಗೆ ಹರಿತ ಬೇಕು, ಹರಿತಗೊಳಿಸಲು ನಿಮ್ಮ ಚೀಟಿಯೇ ಹೇಳಿದೆ ಎಂದೆ. ಚೀಟಿಯನ್ನು ಮುಂದಿಟ್ಟೆ, ಅವರು ಅದನ್ನು ಓದದೆ ಮಡಚಿ ನನ್ನ ಕಡೆಗೇ ತಳ್ಳಿದರು. "ಮನ್ಯಾಗ ಗಂಡಸ್ರು ಯಾರೂ ಇಲ್ಲೇನ್ರಿ? ಚಾಕು ಹಿಡಿಯೋದು ಗೊತ್ತಿದ್ದವ್ರನ್ನ ಕಳಸ್ರಿ" ಎಂದರು. ಕಸಿ ಮಾಡುವವಳು ನಾನೇ, ಇಪ್ಪತ್ತೊಂದು ವರ್ಷದಿಂದ ಮಾಡುತ್ತಿದ್ದೇನೆ ಎಂದೆ. ಆಗ ಒಳಗಿನಿಂದ ಇನ್ನಿಬ್ಬರನ್ನು ಕರೆದು, "ನೋಡ್ರಪಾ, ಸಾಣಿ ಹಿಡದು ಹಿಡದು ಸೂಜಿ ಮಾಡ್ಯಾರ" ಎಂದು ತೋರಿಸಿದರು. ಮೂವರೂ ನಕ್ಕರು. ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದವರೂ ನಕ್ಕರು. ಬೆರಳಿನ ಗಾಯದ ಗುರುತು ತೋರಿಸಿದೆ; ಅದನ್ನು ಅವರು ನೋಡಲಿಲ್ಲ. ಸಾಣೆ ಹಿಡಿದದ್ದು ದುರ್ಬಳಕೆ, ಖಾತರಿ ಸಲ್ಲುವುದಿಲ್ಲ ಎಂದು ಹೇಳಿ, ಮೇಜಿನ ಖಾನೆಯಿಂದ ಕೆಂಪು ರಬ್ಬರ್ ಬ್ಯಾಂಡೊಂದನ್ನು ತೆಗೆದು, ಮಡಚಿದ ಚಾಕಿಗೆ ಎರಡು ಸುತ್ತು ಸುತ್ತಿ, "ತಗೋರಿ, ರಿಪೇರಿ ಆತು. ಇದಕ್ಕ ರೊಕ್ಕ ಬ್ಯಾಡ" ಎಂದು ಕೊಟ್ಟರು. ನಾನು ಹೊರಗೆ ಬಂದು ಬಸ್ ನಿಲ್ದಾಣದವರೆಗೆ ನಡೆದೆ. ಕಣ್ಣೀರು ಬಂದದ್ದನ್ನು ಬರೆಯಲು ನನಗೆ ನಾಚಿಕೆಯಿಲ್ಲ, ನಾಚಿಕೊಳ್ಳಬೇಕಾದವರು ನಾನಲ್ಲ.

ಹರಿತಗೊಳಿಸಿ ಎಂದು ಬರೆದ ಸಂಸ್ಥೆಯೇ ಹರಿತಗೊಳಿಸಿದ್ದು ತಪ್ಪು ಎನ್ನಲು ಬರುವುದಿಲ್ಲ. ಸವೆದಾಗ ಮೊನೆ ಏರುತ್ತದೆ ಎಂಬ ಒಂದು ಎಚ್ಚರಿಕೆಯ ಮಾತು ನಿಮ್ಮ ಚೀಟಿಯಲ್ಲಿ ಎಲ್ಲಿಯೂ ಇಲ್ಲ. ನನ್ನ ಚಾಕಿನ ಉಬ್ಬನ್ನು ತಿದ್ದಿಕೊಡಿ ಇಲ್ಲವೇ ಅಲಗು ಬದಲಿಸಿಕೊಡಿ. ಆಸ್ಪತ್ರೆಯ ಖರ್ಚನ್ನೂ ಕೆಲಸ ನಿಂತ ದಿನಗಳ ನಷ್ಟವನ್ನೂ ಕೊಡಿ. ಆ ಎಚ್ಚರಿಕೆಯನ್ನು ಚೀಟಿಯಲ್ಲಿ ಕನ್ನಡದಲ್ಲಿ ಅಚ್ಚು ಮಾಡಿ. ನನ್ನಂತೆ ಜೇಬಿನಲ್ಲಿ ಈ ಚಾಕು ಇಟ್ಟುಕೊಂಡು ತೋಟದಲ್ಲಿ ಓಡಾಡುವವರು, ಅವರ ಸೊಂಟಕ್ಕೆ ತೆಕ್ಕೆ ಹಾಯುವ ಮಕ್ಕಳು ಎಷ್ಟೋ ಮಂದಿ ಇದ್ದಾರೆ.

ಈ ಪತ್ರ ತಲುಪಿದ ಹದಿನೈದು ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 84ನೇ ಕಲಮಿನಲ್ಲಿ ವಿನ್ಯಾಸದ ದೋಷಕ್ಕೂ ಸಾಕಷ್ಟು ಸೂಚನೆ ಇಲ್ಲದಿರುವುದಕ್ಕೂ ತಯಾರಕರೇ ಹೊಣೆ. ವ್ಯಾಪಾರಕ್ಕೆ ಕೊಂಡದ್ದೆಂದು ನೀವು ಜಾರಿಕೊಳ್ಳಲಾಗದು. ಸ್ವಂತ ದುಡಿಮೆಯಿಂದ ಬದುಕುವವರನ್ನೂ ಆ ಕಾಯ್ದೆ ಗ್ರಾಹಕರೆಂದೇ ಕರೆಯುತ್ತದೆ. ನಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಬಿಲ್ಲು, ಚೀಟಿ, ಆಸ್ಪತ್ರೆಯ ಕಾಗದ, ನಿಮ್ಮ ದೂರಿನ ಸಂಖ್ಯೆಗಳು ಎಲ್ಲವೂ ನನ್ನಲ್ಲಿವೆ. ಆ ಕೆಂಪು ರಬ್ಬರ್ ಬ್ಯಾಂಡನ್ನು ನಾನು ಬಿಚ್ಚಿಲ್ಲ. ಚಾಕಿನೊಂದಿಗೆ ಅದನ್ನೂ ಹಾಗೆಯೇ ಆಯೋಗದ ಮುಂದಿಡುತ್ತೇನೆ.

ಇಂತಿ,
ಕಸಿ ನರ್ಸರಿಯ ಮಾಲೀಕಳು,
ಶಿರಸಿ ತಾಲ್ಲೂಕು, ಉತ್ತರ ಕನ್ನಡ