ನೆಲಮಾಳಿಗೆಯ ಗೋಧಿ

ಸಾಲ್ಟ್ ಲೇಕ್ ಸಿಟಿ

ಚಿ. ಸೌ. ಮೇಘಾಗೆ ದೊಡ್ಡಮ್ಮನ ಆಶೀರ್ವಾದಗಳು.

ಲೀಹೈನಲ್ಲಿ ನಿನ್ನ ಪಕ್ಕದ ಮನೆಯವರು ನೆಲಮಾಳಿಗೆ ತುಂಬ ಗೋಧಿ ಡಬ್ಬಿ ಪೇರಿಸಿದ್ದಾರೆ, ಪ್ರಳಯಕ್ಕೆ ಕಾಯುತ್ತಿದ್ದಾರೇನೋ ಎಂದು ಬರೆದಿದ್ದೀಯ. ಹಾಗೆ ಅಂದುಕೊಳ್ಳಬೇಡ ಮಗಳೇ. ಅವರು ಮಾರ್ಮನ್ನರು, ಇಲ್ಲಿ ಯೂಟಾದಲ್ಲಿ ನೆಲೆನಿಂತ ಒಂದು ಕ್ರೈಸ್ತ ಪಂಗಡದವರು. 1847ರ ಜುಲೈನಲ್ಲಿ ಈ ಪಂಗಡದವರು ಸಾಲ್ಟ್ ಲೇಕ್ ಕಣಿವೆಗೆ ಬಂದಾಗ ಕಾಳು ಮುಗಿದರೆ ಕೇಳಲು ಅಕ್ಕಪಕ್ಕ ಯಾವ ಊರೂ ಇರಲಿಲ್ಲ. ಮರುವರ್ಷವೇ ಬೆಳೆಗೆ ಹುಳು ಮುತ್ತಿತು. 1876ರಲ್ಲಿ ಅವರ ನಾಯಕ ಬ್ರಿಗಮ್ ಯಂಗ್ ಗೋಧಿ ಕೂಡಿಡುವ ಹೊಣೆಯನ್ನು ಹೆಂಗಸರಿಗೆ ವಹಿಸಿದರು. ಅವರಲ್ಲಿ ಎಮಲೈನ್ ವೆಲ್ಸ್ ಎಂಬಾಕೆ ಮುಂದೆ ನಿಂತು ನಡೆಸಿದರು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೂಕಂಪವಾದಾಗ ಈ ಹೆಂಗಸರು ಹಿಟ್ಟು ಕಳಿಸಿಕೊಟ್ಟರು. 1918ರಲ್ಲಿ, ಯುದ್ಧದ ಹೊತ್ತಿನಲ್ಲಿ, 2 ಲಕ್ಷ ಬುಷೆಲ್‌ಗೂ (ಒಂದು ಬುಷೆಲ್ ಗೋಧಿ ಎಂದರೆ ಸುಮಾರು 27 ಕೆಜಿ) ಹೆಚ್ಚು ಗೋಧಿಯನ್ನು ಸರ್ಕಾರಕ್ಕೆ ಮಾರಿದರು. ಇನ್ನೊಬ್ಬರ ಮುಂದೆ ಕೈಚಾಚದಿರಲು ಮತ್ತು ಕೈಚಾಚಿದವರಿಗೆ ಕೊಡಲು ಇಡುವ ಕಾಳು ಅದು. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸವಿದ್ದು ಆ ಊಟದ ದುಡ್ಡನ್ನು ಬಡವರಿಗೆಂದು ಕೊಡುವುದೂ ಇದೇ ನಂಬಿಕೆಯಿಂದ. ಆ ದಿನ ಅವರನ್ನು ಊಟಕ್ಕೆ ಕರೆಯಬೇಡ.

ನೀನೂ ಇಡು. ಹಿಮ ಬೀಳುವ ಊರು, ಭೂಕಂಪವೂ ಆಗುವ ಊರು. ಆದರೆ ಮೊದಲ ದಿನವೇ ವರ್ಷದ ಗೋಧಿ ತರಬೇಡ. ದಿನವೂ ಉಣ್ಣುವ ಅಕ್ಕಿ, ಬೇಳೆ, ರವೆಯನ್ನೇ ಪ್ರತಿವಾರ ಸ್ವಲ್ಪ ಹೆಚ್ಚು ತಂದು ಮೂರು ತಿಂಗಳಿಗಾಗುವಷ್ಟು ಮಾಡು; ಹಳೆಯದು ಮುಂದೆ, ಹೊಸದು ಹಿಂದೆ. ಕುಡಿಯುವ ನೀರು ಎರಡು ವಾರಕ್ಕೆ ತಲೆಗೆ 53 ಲೀಟರ್. ಹಾಲು ಬರುವ ಪ್ಲಾಸ್ಟಿಕ್ ಕ್ಯಾನ್‌ನಲ್ಲಿ ತುಂಬಬೇಡ, ಎಷ್ಟು ತೊಳೆದರೂ ಹಾಲಿನ ಅಂಶ ಉಳಿದು ನೀರು ಕೆಡುತ್ತದೆ.

ದೀರ್ಘಕಾಲಕ್ಕೆ ಇಡುವಾಗ ದೊಡ್ಡವರೊಬ್ಬರಿಗೆ ತಿಂಗಳಿಗೆ ಧಾನ್ಯ 11.5 ಕೆಜಿ, ಬೇಳೆಕಾಳು 2.5 ಕೆಜಿ ಎಂಬುದು ಇಲ್ಲಿನವರ ಲೆಕ್ಕ. ತೇವ ಶೇ. 10ಕ್ಕಿಂತ ಕಡಿಮೆ ಇರಬೇಕು, ಎಣ್ಣೆಯಂಶ ಇರಬಾರದು, ಜಾಗ 24 ಡಿಗ್ರಿಗಿಂತ ತಂಪಾಗಿರಬೇಕು. ಇಷ್ಟಾದರೆ ಗೋಧಿ, ಬಿಳಿ ಅಕ್ಕಿ 30 ವರ್ಷ ಇರುತ್ತವೆ. ತೌಡು ಉಳಿದ ಕೆಂಪಕ್ಕಿ, ಗೋಧಿಹಿಟ್ಟು, ಕಡಲೆಬೀಜ, ಕೊಬ್ಬರಿ ಬೇಡ, ಕಮಟು ಹಿಡಿಯುತ್ತವೆ. ರಾಗಿ ಇಡುವುದಾದರೆ ಕಾಳಾಗಿಯೇ ಇಡು, ಹಿಟ್ಟು ಮಾಡಿಸಿ ಅಲ್ಲ. ಒಣಗಿಸಿದ ತರಕಾರಿ ಬಗ್ಗಿಸಿದರೆ ಟಕ್ಕೆಂದು ಮುರಿಯಬೇಕು. ಬಾಗಿದರೆ ಇಡಬೇಡ, ಗಾಳಿಯಿಲ್ಲದ ಡಬ್ಬಿಯೊಳಗೆ ತೇವ ಉಳಿದರೆ ಬಾಟುಲಿಸಂ ಎಂಬ ಪ್ರಾಣಾಂತಕ ಕಾಯಿಲೆ ತರುವ ವಿಷ ಹುಟ್ಟುವ ಅಪಾಯವಿದೆ.

ಹೆಚ್ಚಿನವರು ಎಡವುವುದು ಪ್ಯಾಕಿಂಗ್‌ನಲ್ಲಿ. ಸುಮಾರು 3.8 ಲೀಟರ್ ಹಿಡಿಸುವ ಫಾಯಿಲ್ ಚೀಲಕ್ಕೆ 3.2 ಕೆಜಿ ಗೋಧಿ, ಜೊತೆಗೆ ಆಮ್ಲಜನಕ ಹೀರುವ 300 ಸಿಸಿ ಪೊಟ್ಟಣ ಒಂದು. ಇದರಿಂದ ಹುಳುವೂ ಸಾಯುತ್ತದೆ. ಆ ಪೊಟ್ಟಣಗಳ ಕಟ್ಟು ಬಿಚ್ಚಿದ ಮೇಲೆ 20–30 ನಿಮಿಷದಲ್ಲಿ ಬಳಸುವಷ್ಟನ್ನೇ ತೆಗೆ, ಉಳಿದದ್ದನ್ನು ತಕ್ಷಣ ಗಾಜಿನ ಭರಣಿಗೆ ಹಾಕಿ ಬಿಗಿಯಾಗಿ ಮುಚ್ಚು. ಗಾಳಿಗಿಟ್ಟರೆ ಅಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಸೀಲ್ ಹಾಕುವ ಅಂಚನ್ನು ಒಣಬಟ್ಟೆಯಿಂದ ಒರೆಸು, ಒಂದಿಷ್ಟು ಪುಡಿ ಅಂಟಿದರೂ ಸಂದಿ ಉಳಿಯುತ್ತದೆ. ಸಕ್ಕರೆಗೆ ಈ ಪೊಟ್ಟಣ ಹಾಕಲೇಬೇಡ, ಕಲ್ಲಾಗುತ್ತದೆ. ಫಾಯಿಲ್ ಚೀಲವನ್ನು ಇಲಿ ಕಡಿಯುತ್ತದೆ, ಗಟ್ಟಿ ಡಬ್ಬದೊಳಗಿಡು. ಹೊಸಬಳಾದ ನಿನಗೆ ಮಾರ್ಮನ್ ಸಭೆಯ ಹೋಮ್ ಸ್ಟೋರೇಜ್ ಸೆಂಟರ್‌ನಲ್ಲಿ ಸಿಗುವ ಮುಚ್ಚಿದ ಡಬ್ಬಿಗಳೇ ವಾಸಿ, ಸದಸ್ಯರಲ್ಲದವರಿಗೂ ಮಾರುತ್ತಾರೆ.

ಗೋಧಿ ಕೊಂಡು ಬೀಸುವ ಗಿರಣಿ ಮರೆಯುವವರು ಬಹಳ. ಕರೆಂಟ್ ಹೋದಾಗಲೂ ನಡೆಯುವ, ಕೈಯಲ್ಲಿ ತಿರುಗಿಸುವ ಗಿರಣಿಯನ್ನೇ ಕೊಳ್ಳು. ಈಗಿನಿಂದಲೇ ವಾರಕ್ಕೊಮ್ಮೆ ಗೋಧಿ ನುಚ್ಚಿನ ಉಪ್ಪಿಟ್ಟು ಮಾಡು, ಮಕ್ಕಳ ಹೊಟ್ಟೆಗೂ ರೂಢಿಯಾಗಲಿ. ತೊಗರಿಬೇಳೆ ಹಳೆಯದಾದಷ್ಟೂ ಬೇಯುವುದಿಲ್ಲ. ಚೆನ್ನಾಗಿ ನೆನೆಸಿ ಚಿಟಿಕೆ ಸೋಡಾ ಹಾಕಬೇಕು.

ಸೀಲ್ ಮಾಡುವ ಯಂತ್ರ ಇದೆಯೇ ಎಂದು ಪಕ್ಕದ ಮನೆಯಾಕೆಯನ್ನು ಕೇಳು, ಸಂಕೋಚಪಡಬೇಡ. ಬರಿಗೈಯಲ್ಲಿ ಹೋಗಬೇಡ. ಕಾಫಿ, ಚಹಾ ಅವರಿಗೆ ವರ್ಜ್ಯ, ಹಾಗಾಗಿ ಊರಿಂದ ತಂದ ಕಾಫಿಪುಡಿ ಬೇಡ, ಕೋಡುಬಳೆ ಒಯ್ಯಿ.

ಇಂತಿ,
ನಿನ್ನ ದೊಡ್ಡಮ್ಮ