ನಮ್ಮ ಶಾಲೆಯ ಹಳೆ ಬಾವಿಗೆ ಮಳೆನೀರು ತಿರುಗಿಸಲು ನೆರವಾಗಿ

ಆತ್ಮೀಯರೇ, ನಮಸ್ಕಾರ.

ನಮ್ಮ ಶಾಲೆಯ ತೆರೆದ ಬಾವಿಯ ಒಳಗೋಡೆಯಲ್ಲಿ ನೀರಿನ ಕಲೆಯ ಒಂದು ಗೆರೆ ಇದೆ. ಹಿಂದೆ ನೀರು ಅಲ್ಲಿಯವರೆಗೂ ನಿಲ್ಲುತ್ತಿತ್ತು. ಈಗ ಮಕ್ಕಳು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಕಲ್ಲು ತಳ ಮುಟ್ಟುತ್ತದೆ. ಮೇಲೆಳೆದು ನೋಡಿದರೆ ಹಗ್ಗದ ತುದಿ ಒಂದು ಗೇಣಷ್ಟೇ ಒದ್ದೆ.

"ಆಳಕ್ಕೆ ಇನ್ನೊಂದು ಬೋರ್ ಕೊರೆಸಿಬಿಡಿ" ಎಂದು ಹಲವರು ಹೇಳಿದರು. ಕೂತು ಯೋಚಿಸಿದೆವು. ಬೇಡ ಅನ್ನಿಸಿತು.

ಆವಿಯಾಗಿ ಮೇಲೇರಿದ ನೀರು ಗಾಳಿಯಲ್ಲಿ ಇರುವುದು ಸರಾಸರಿ 9–10 ದಿನ. ಆಮೇಲೆ ಮಳೆಯಾಗಿ ಇಳಿಯುತ್ತದೆ. ನೆಲಕ್ಕೆ ಇಂಗಿದ ನೀರಿಗೆ ಆ ಅವಸರವಿಲ್ಲ. ಮಣ್ಣಿನ ಸಂದಿ, ಬಂಡೆಯ ಬಿರುಕು ಹುಡುಕಿಕೊಂಡು ಮೆಲ್ಲಗೆ ಇಳಿಯುತ್ತದೆ. ತುಂಬಾ ಆಳದಲ್ಲಿರುವ ನೀರು ಸಾವಿರಾರು ವರ್ಷ ಹಳೆಯದೂ ಇರಬಹುದು. ಅದನ್ನು ಮೋಟಾರು ಹಾಕಿ ಕೆಲವೇ ಬೇಸಿಗೆಯಲ್ಲಿ ಎತ್ತಿ ಮುಗಿಸಿದರೆ, ಮೊಮ್ಮಕ್ಕಳ ಕಾಲಕ್ಕೂ ಮತ್ತೆ ತುಂಬುವುದಿಲ್ಲ. ಅಷ್ಟು ಕಾಲ ಬಂಡೆಯೊಳಗೇ ಇದ್ದ ನೀರಲ್ಲಿ ಹಲವು ಕಡೆ, ಮಿತಿ ಮೀರಿದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಕೂಡ ಜಾಸ್ತಿ ಇರುತ್ತದೆ. ಮಕ್ಕಳು ಕುಡಿಯುವ ನೀರು ಅಲ್ವಾ?

ಭೂಮಿಯ ನೀರಲ್ಲಿ ಸಿಹಿನೀರು 100ಕ್ಕೆ ಬರೀ 2.5 ಪಾಲು. ಅದರಲ್ಲೂ ಮೂರನೇ ಎರಡರಷ್ಟು ಹಿಮವಾಗಿ ಕೂತಿದೆ. ಉಳಿದದ್ದರಲ್ಲಿ ಬಹುಪಾಲು ಇರುವುದು ನಮ್ಮ ಕಾಲ ಕೆಳಗೆ. ನದಿ, ಕೆರೆಗಳದ್ದು ತೀರಾ ಸಣ್ಣ ಪಾಲು.

ಇನ್ನು ನಮ್ಮ ತಾರಸಿಯ ಲೆಕ್ಕ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. ಶಾಲೆಯ ತಾರಸಿ 600 ಚದರ ಮೀಟರ್. 20 ಮಿಲಿಮೀಟರಿನ ಒಂದು ಮಳೆಗೆ 12,000 ಲೀಟರ್! ಚಿಮ್ಮಿ, ಆವಿಯಾಗಿ ಹೋದದ್ದು ಕಳೆದರೂ 10,000ಕ್ಕೆ ಮೋಸವಿಲ್ಲ. ಇಷ್ಟೂ ನೀರು ಈಗ ಸುಮ್ನೆ ಚರಂಡಿ ಸೇರುತ್ತಿದೆ.

ಈ ನೀರನ್ನು ಪೈಪಿನಲ್ಲಿ ಇಳಿಸಿ, ಜಲ್ಲಿ, ಇದ್ದಿಲು, ಮರಳಿನ ಸೋಸುತೊಟ್ಟಿ ದಾಟಿಸಿ ಬಾವಿಗೆ ಬಿಡಬೇಕು. ಮೊದಲ ಮಳೆಯ ನೀರಲ್ಲಿ ದೂಳು, ಹಕ್ಕಿ ಹಿಕ್ಕೆ ಇರುತ್ತದೆ. ಅದನ್ನು ಹೊರಕ್ಕೆ ತಿರುಗಿಸಲು ಬೇರೆ ವಾಲ್ವ್ ಬೇಕು. ಅಂಗಳದ, ರಸ್ತೆಯ ನೀರು ಒಂದು ಹನಿಯೂ ಬಾವಿಗೆ ಸೇರಬಾರದು. ಈ ಒಂದು ವಿಷಯದಲ್ಲಿ ಉಳಿತಾಯ ಮಾಡಲು ನಾವು ತಯಾರಿಲ್ಲ. ಬಾವಿಯ ಬಾಯಿಗೆ ಗಟ್ಟಿ ಕಬ್ಬಿಣದ ಜಾಲರಿಯೂ ಬರಬೇಕು, ಸುತ್ತ ಮಕ್ಕಳು ಓಡಾಡುವ ಜಾಗ.

ಒಂದೇ ಮಳೆಗಾಲಕ್ಕೆ ಬಾವಿ ತುಂಬುತ್ತದೆ ಎಂದು ನಾವು ಹೇಳುವುದಿಲ್ಲ. ಬಿಟ್ಟ ನೀರು ಅಲ್ಲೇ ನಿಲ್ಲದೆ ಸುತ್ತಲ ನೆಲಕ್ಕೆ ಹರಡುತ್ತದೆ, ಅಕ್ಕಪಕ್ಕದ ಬಾವಿಗಳಿಗೂ ಹೋಗುತ್ತದೆ. ಹೋಗಲಿ, ಅದೂ ನಮಗೆ ಬೇಕಾದದ್ದೇ.

ಇಷ್ಟೇ ಕೊಡಿ ಎಂದು ಕೇಳುತ್ತಿಲ್ಲ. ನಿಮ್ಮ ಕೈಲಾದಷ್ಟು ಕೊಡಿ. ಪೈಪ್, ಜಲ್ಲಿ, ಮರಳು ಕೊಡಿಸಿದರೂ ಸಂತೋಷ. ಪ್ಲಂಬಿಂಗ್, ಗಾರೆ ಕೆಲಸ ಬಲ್ಲವರು ಒಂದು ದಿನದ ದುಡಿಮೆ ಕೊಟ್ಟರೆ ದೊಡ್ಡ ಉಪಕಾರ. ಪ್ರತಿ ದೇಣಿಗೆಗೂ ಶಾಲೆಯ ಕಚೇರಿಯಲ್ಲಿ ರಸೀದಿ ಕೊಡುತ್ತೇವೆ. ಖರ್ಚಿನ ಲೆಕ್ಕವನ್ನು ಸೂಚನಾ ಫಲಕದಲ್ಲಿ ಹಾಕುತ್ತೇವೆ. ಪಕ್ಕದಲ್ಲೇ, ಮಕ್ಕಳು ವಾರಕ್ಕೊಮ್ಮೆ ಅಳೆದ ಬಾವಿ ನೀರಿನ ಮಟ್ಟವೂ ಇರುತ್ತದೆ.

ಮಳೆ ಶುರುವಾಗುವ ಮೊದಲೇ ಕೆಲಸ ಮುಗಿಯಬೇಕು. ಬರುವ ಶನಿವಾರ ಬೆಳಿಗ್ಗೆ ಹೂಳೆತ್ತಲು ಶುರು ಮಾಡುತ್ತೇವೆ. ಬಿಡುವಿದ್ದರೆ ಒಂದು ಬುಟ್ಟಿ ಹಿಡಿದು ಬನ್ನಿ.

ಇಂತಿ,
ಶಾಲೆಯ ಆಡಳಿತ ಮಂಡಳಿ, ಶಿಕ್ಷಕರು ಮತ್ತು ಮಕ್ಕಳು