ತಮ್ಮನನ್ನು ಇಲ್ಲಿಗೆ ಕಳಿಸುವ ವಿಚಾರ

ವಲೆಟ್ಟಾ, ಮಾಲ್ಟಾ

ಅಪ್ಪಾಜಿಗೆ, ಅವ್ವಗೆ ಶರಣು.

ನಾನು ಆರಾಮ ಇದ್ದೇನೆ. ನೀವೆಲ್ಲರೂ ಆರಾಮ ಅಂದುಕೊಂಡಿದ್ದೇನೆ. ಏಜೆಂಟ್ ಒಬ್ಬ ತಮ್ಮನಿಗೆ ಮಾಲ್ಟಾದಲ್ಲಿ ಕಟ್ಟಡದ ಕೆಲಸ ಕೊಡಿಸುತ್ತೇನೆ ಅಂದಿದ್ದಾನಂತೆ, ಏನು ಮಾಡೋಣ ಅಂತ ಕೇಳಿದ್ದಿರಿ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಉಳಿದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅವನಿಗೂ ಓದಲು ಕೊಡಿ.

ಊರು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಡೀ ದೇಶ 316 ಚದರ ಕಿಲೋಮೀಟರ್ ಮಾತ್ರ. ಬೆಂಗಳೂರು ನಗರ ಜಿಲ್ಲೆಯನ್ನು ಏಳು ಪಾಲು ಮಾಡಿದರೆ ಒಂದು ಪಾಲು, ಅಷ್ಟೇ. ಅಷ್ಟರಲ್ಲೇ ಐದು ಲಕ್ಷಕ್ಕೂ ಜಾಸ್ತಿ ಜನ. 2021ರ ಜನಗಣತಿಯಲ್ಲೇ ಐವರಲ್ಲಿ ಒಬ್ಬರು ಹೊರದೇಶದವರು. ಇದರ ಮೇಲೆ 2024ರಲ್ಲಿ ಬಂದುಹೋದ ಪ್ರವಾಸಿಗಳು 35 ಲಕ್ಷ.

ಅಪ್ಪಾಜಿ, ನಿಮಗೆ ಇಲ್ಲಿಯ ಕಲ್ಲು ತೋರಿಸಬೇಕಿತ್ತು. ನಮ್ಮ ಶಹಾಬಾದಿನ ಪರಸಿಯಂತೆ ಇದೂ ಸುಣ್ಣದ ಕಲ್ಲೇ. ಆದರೆ ಜೇನಿನ ಬಣ್ಣ, ಗರಗಸದಲ್ಲಿ ಕೊಯ್ಯುವಷ್ಟು ಮೆತ್ತಗೆ. ರಾಜಧಾನಿ ವಲೆಟ್ಟಾ ಇದರಿಂದಲೇ ಎದ್ದದ್ದು. ತುರ್ಕರ ಮುತ್ತಿಗೆ ಮುಗಿದ ಮರುವರ್ಷ, 1566ರಲ್ಲಿ, ಆಗ ಈ ದ್ವೀಪ ಆಳುತ್ತಿದ್ದ ಸೇಂಟ್ ಜಾನ್ ಪಂಥದ ಯೋಧರು ಇದಕ್ಕೆ ಅಡಿಪಾಯ ಹಾಕಿದರು. ಮನೆ ಕಟ್ಟುವವರು ಮಳೆನೀರಿಗೆ ನೆಲದಡಿ ಒಂದು ಸಂಪ್ ಕೊರೆಯಲೇಬೇಕು ಅಂತ ಆಗಲೇ ಕಾಯಿದೆ ಮಾಡಿದ್ದರು. ಹೊಳೆ ಇಲ್ಲದ ದ್ವೀಪ ಇದು. ಆ ಜನಕ್ಕೆ ನೀರು ಸಾಲದ ಭಯ ಇತ್ತು.

ಈಗಿನವರಿಗೆ ಆ ಭಯ ಹೋಗಿದೆ. ನಲ್ಲಿಯಲ್ಲಿ ಬರುವ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸಮುದ್ರದ ನೀರು. ಅದನ್ನು ಆರ್‌ಓ ಘಟಕಗಳಲ್ಲಿ ಸೋಸಿ ಕೊಡುತ್ತಾರೆ. ಅದಕ್ಕೆ ಕರೆಂಟ್ ಸುರಿಯಬೇಕು. ಅಂತರ್ಜಲವನ್ನು ಎಳೆದೂ ಎಳೆದೂ ಅದಕ್ಕೂ ಉಪ್ಪು ಸೇರಿದೆ. ಹೊಸ ಕಟ್ಟಡಕ್ಕೂ ಸಂಪ್ ಬೇಕು ಅಂತ ನಿಯಮ ಇದೆ. ಆದರೂ ಎಷ್ಟೋ ಮನೆಗಳ ಮಾಳಿಗೆ ನೀರು ನೇರ ಬೀದಿಗೆ ಬೀಳುತ್ತದೆ. ಚಳಿಗಾಲದಲ್ಲಿ ಒಂದು ಜೋರು ಮಳೆ ಬಂದರೆ ಸಾಕು, ಇಮ್ಸೀದಾ, ಬಿರ್ಕಿರ್ಕಾರಾದ ರಸ್ತೆ ಹಳ್ಳವಾಗುತ್ತದೆ. ಸಿಹಿನೀರನ್ನು ಸಮುದ್ರಕ್ಕೆ ಬಿಡುವುದು, ಆಮೇಲೆ ಸಮುದ್ರದ ನೀರನ್ನು ಸಿಹಿ ಮಾಡಲು ಬಿಲ್ ಕಟ್ಟುವುದು! ನನಗಂತೂ ಈ ಲೆಕ್ಕ ತಿಳಿಯುವುದಿಲ್ಲ.

ಅವ್ವ, ನಿನಗೆ ಬಸ್ಸಿನ ಸುದ್ದಿ. ನಿಮ್ಮ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್‌ನಲ್ಲಿ. ಇಲ್ಲಿ 2022ರ ಅಕ್ಟೋಬರ್ 1ರಿಂದಲೇ ತಮ್ಮ ಹೆಸರಿನ ಕಾರ್ಡ್ ಇರುವ ಎಲ್ಲರಿಗೂ ಬಸ್ ಪುಕ್ಕಟೆ, ಗಂಡಸರಿಗೂ. ಪ್ರವಾಸಿಗಳು ಮಾತ್ರ ದುಡ್ಡು ಕೊಡಬೇಕು. ಬ್ರಿಟಿಷರು 1964ರವರೆಗೆ ಆಳಿದ ದೇಶ, ಹಾಗಾಗಿ ನಮ್ಮಂತೆ ರಸ್ತೆಯ ಎಡಬದಿಯಲ್ಲೇ ಗಾಡಿ ಓಡಿಸುವುದು. ಬಸ್ ಓಡಿಸುವ ನನಗೆ ಅದೊಂದು ಅನುಕೂಲ.

ಪುಕ್ಕಟೆ ಮಾಡಿದ್ದು ಒಳ್ಳೆಯದೇ. ಮುದುಕರು, ಶಾಲೆ ಮಕ್ಕಳು, ನಮ್ಮಂಥ ಕೂಲಿ ಜನ ತುಂಬಿ ಬರುತ್ತಾರೆ. ಆದರೆ ಕಾರಿನವರು ಕಾರು ಬಿಡಲಿಲ್ಲ. ಈ ಪುಟ್ಟ ದೇಶದಲ್ಲಿ ಗಾಡಿಗಳ ಸಂಖ್ಯೆ 4 ಲಕ್ಷ ದಾಟಿದೆ. ನಾನು 41ನೇ ನಂಬರ್ ಬಸ್ಸನ್ನು ದ್ವೀಪದ ಉತ್ತರ ತುದಿಯ ಚಿರ್ಕೇವಾಕ್ಕೆ ಒಯ್ಯುವಾಗ ಆ ಕಾರುಗಳ ಸಾಲಿನಲ್ಲೇ ನಿಲ್ಲಬೇಕು. ತಡವಾದರೆ ಬೈಗುಳ ನನಗೆ. ಟಿಕೆಟ್ ರದ್ದು ಮಾಡಿದರೆ ಸಾಲದು, ಬಸ್ಸಿಗೆ ಬೇರೆ ದಾರಿ ಬಿಡಬೇಕು ಅನ್ನುವುದು ಇಲ್ಲಿ ಸ್ಟೀರಿಂಗ್ ಹಿಡಿದ ಯಾರಿಗಾದರೂ ಗೊತ್ತು. ನೆಲದಡಿ ಮೆಟ್ರೋ ಮಾಡುವ ನಕ್ಷೆಯನ್ನು 2021ರಲ್ಲಿ ತೋರಿಸಿದ್ದರು. ಅದರ ಮಾತು ಬಂದರೆ ಜನ ನಗುತ್ತಾರೆ.

ವಲೆಟ್ಟಾದ ಒಳಗೆ ಮಾತ್ರ ಕೆಲಸ ಚೆನ್ನಾಗಿ ಆಗಿದೆ. ಕಾರು ಒಳಗೆ ಹೋದರೆ ಕ್ಯಾಮೆರಾ ನೋಡಿ ಶುಲ್ಕ ಹಾಕುತ್ತದೆ, 2007ರಿಂದ. ಬಸ್ಸೆಲ್ಲ ಕೋಟೆ ಬಾಗಿಲ ಹೊರಗೇ ನಿಲ್ಲುತ್ತವೆ. ದೊಡ್ಡ ಬೀದಿಯಲ್ಲಿ ಜನ ನಿಶ್ಚಿಂತೆಯಿಂದ ನಡೆಯುತ್ತಾರೆ. 2018ರಲ್ಲಿ ಯೂರೋಪಿನ ಸಾಂಸ್ಕೃತಿಕ ರಾಜಧಾನಿ ಅನ್ನುವ ಮರ್ಯಾದೆಯೂ ಸಿಕ್ಕಿತು. ಪಾಳುಬಿದ್ದ ಮನೆಗಳು ರಿಪೇರಿಯಾದವು, ಹೋಟೆಲ್ ಆದವು. ಈಗ ಅಲ್ಲಿ ವಾಸ ಇರುವವರು ಐದು ಸಾವಿರ ಚಿಲ್ಲರೆ ಅಷ್ಟೇ. ಅಷ್ಟು ಚೆಂದ ಮಾಡಿದ ಊರಿನಲ್ಲಿ ಬಾಡಿಗೆ ಕೊಟ್ಟು ಇರಲು ಊರಿನವರಿಗೇ ಆಗದಿದ್ದರೆ ಹೇಗೆ? ನಮ್ಮ ಮಾತು ಬಿಡಿ, ನಾವು ಮೂವರು ಒಂದು ಕೋಣೆಯಲ್ಲಿದ್ದೇವೆ.

ಪಕ್ಕದ ಕೊಮಿನೋ ಅನ್ನುವ ಚಿಕ್ಕ ದ್ವೀಪದಲ್ಲಿ ನೀಲಿ ನೀರು ನೋಡಲು ಪ್ರವಾಸಿಗಳು ಮುಗಿಬಿದ್ದು, ಕಾಲಿಡಲು ಜಾಗ ಇರಲಿಲ್ಲ. 2025ರಿಂದ ಮೊದಲೇ ಬುಕ್ ಮಾಡಿದವರಿಗೆ ಮಾತ್ರ ಬಿಡುತ್ತಾರೆ. ಅದು ಸರಿಯಾದ ಕೆಲಸ.

ಈಗ ತಮ್ಮನ ಮಾತಿಗೆ ಬರುತ್ತೇನೆ. ಇಲ್ಲಿ ಎಲ್ಲಿ ನೋಡಿದರೂ ಕ್ರೇನ್. ಎರಡಂತಸ್ತಿನ ಹಳೆ ಮನೆ ಕೆಡವಿ, ಅಲ್ಲೇ ಫ್ಲ್ಯಾಟ್ ಎಬ್ಬಿಸುತ್ತಾರೆ. ಕೆಲಸ ಇದೆ, ಸುಳ್ಳಲ್ಲ. ಆದರೆ 2022ರ ಡಿಸೆಂಬರ್‌ನಲ್ಲಿ ಕೊರ್ಡಿನ್‌ನಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 20 ವರ್ಷದ ಹುಡುಗನೊಬ್ಬ ಸತ್ತ. ಅವನ ತಾಯಿ ಬೀದಿಗಿಳಿದು ಹೋರಾಡಿದ ಮೇಲೆಯೇ ಸರ್ಕಾರ ಬಹಿರಂಗ ತನಿಖೆಗೆ ಒಪ್ಪಿದ್ದು. ಸರ್ಕಾರದ್ದೂ ತಪ್ಪಿದೆ ಅಂತ 2024ರಲ್ಲಿ ವರದಿ ಬಂತು. ಈ ದೇಶದ ಮಗನಿಗೇ ಹೀಗಾದರೆ, ಭಾಷೆ ಬಾರದ ಕೂಲಿಯವನ ಗತಿ ಏನು? ಅವ್ವ ಹೆದರಬಾರದು, ಆದರೆ ಇದನ್ನು ಮುಚ್ಚಿಡಲೂ ನನಗೆ ಮನಸ್ಸಿಲ್ಲ.

ಬರಲೇಬೇಡ ಅನ್ನುತ್ತಿಲ್ಲ. ಈ ಏಜೆಂಟನ ಮೂಲಕ, ಈ ಕೆಲಸಕ್ಕೆ ಬೇಡ. ಅವನು ಹೇಳುತ್ತಿರುವುದು ಇಟ್ಟಿಗೆ ಹೊರುವ ಕೆಲಸ. ಸಿವಿಲ್ ಡಿಪ್ಲೊಮಾ ಓದಿದವನು ಅದಕ್ಕೆ ಸಾಲ ಮಾಡಿ ಬರಬೇಕಾ? ಇಲ್ಲಿಯ ಪರ್ಮಿಟ್ ಕೆಲಸ ಕೊಟ್ಟ ಧಣಿಗೆ ಗಂಟು ಬಿದ್ದಿರುತ್ತದೆ. ಅವನು ಕೈಬಿಟ್ಟರೆ ಬೇರೆ ಧಣಿಯನ್ನು ಹುಡುಕಲು ಸಿಗುವ ದಿನಗಳು ಕಡಿಮೆ.

ಆ ಏಜೆಂಟನ ಹೆಸರು ಭಾರತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನ ನೋಂದಾಯಿತ ಏಜೆಂಟರ ಪಟ್ಟಿಯಲ್ಲಿ ಇದೆಯಾ ಅಂತ ತಮ್ಮ ಮೊದಲು ನೋಡಲಿ. ಇಲ್ಲ ಅಂದರೆ ಮಾತು ಅಲ್ಲಿಗೇ ಮುಗಿಯಿತು. ಇದ್ದರೆ ಕಂಪನಿಯ ಹೆಸರು, ಸಂಬಳ, ಇರಲು ಜಾಗ ಎಲ್ಲ ಕಾಗದದ ಮೇಲೆ ಬರೆಸಿಕೊಂಡು ಫೋಟೊ ತೆಗೆದು ನನಗೆ ವಾಟ್ಸಾಪ್ ಮಾಡಲಿ. ನಾನು ಇಲ್ಲಿ ವಿಚಾರಿಸಿ ಹೇಳುವ ತನಕ ಒಂದು ರೂಪಾಯಿಯೂ ಕೊಡಬೇಡಿ. ಹೊಲದ ಕಾಗದವನ್ನಂತೂ ಯಾರ ಕೈಗೂ ಕೊಡಬೇಡಿ, ಅಪ್ಪಾಜಿ.

ಇಂತಿ ನಿಮ್ಮ ಹಿರಿಮಗ